ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ, ಇತಿಹಾಸಕಾರ ಹಾಗೂ ಶಾಸನತಜ್ಞ. ಮೈಸೂರು ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ 12 ಸಂಪುಟಗಳಾಗಿ ಪ್ರಕಟಿಸಿದವರು ಇವರು. ಕನ್ನಡ ನಾಡಿನಲ್ಲಿ ಶಾಸನ ಪಿತಾಮಹ ಎಂದೇ ಪ್ರಸಿದ್ಧರು. ಒಂದು ಶಾಸನವನ್ನು ಸಂಪುಟದ ಸಂಖ್ಯೆ, ತಾಲ್ಲೂಕಿನ ಹೆಸರು ಹಾಗೂ ಕ್ರಮಸಂಖ್ಯೆಗಳಿಂದ ಗುರುತಿಸುವ ಪದ್ಧತಿಯು ಇವರ ಸಂಪುಟಗಳಿಂದಲೇ ರೂಢಿಗೆ ಬಂದಿತು. ಕರ್ನಾಟಕದ ಇತಿಹಾಸವನ್ನು ಕುರಿತು ಪ್ರಬಂಧ ಬರೆಯುವ ಯಾವ ವಿದ್ಯಾರ್ಥಿಯೂ ಇಂದಿಗೂ ತನ್ನ ಅಡಿಟಿಪ್ಪಣಿಯಲ್ಲಿ ಈ ಪದ್ಧತಿಯನ್ನು ಅನುಸರಿಸದೆ ಮುಂದುವರಿಯಲಾರ.

ಜನನ ಮತ್ತು ಮನೆತನ

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಬೆಂಗಳೂರಿಗೆ ಬಂದು ನೆಲೆಸಿದವರು. ಕನ್ನಡವನ್ನು ಚೆನ್ನಾಗಿ ಕಲಿತು, ಕನ್ನಡ ಬೈಬಲ್ಲಿನ ಪರಿಷ್ಕರಣ ಕಾರ್ಯದಲ್ಲಿ ತೊಡಗಿದ್ದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಅದನ್ನು ಶಾಸನತಜ್ಞರಾದ ಮಗನ ಸ್ಮಾರಕವೆಂದು ಹಲವರು ತಪ್ಪಾಗಿ ಬರೆದಿರುವುದುಂಟು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರು ಲೂಯಿಸ್ ರೈಸ್ ಅವರ ತಮ್ಮ. ತಂದೆ ಮತ್ತು ಇಬ್ಬರು ಮಕ್ಕಳು ಹೀಗೆ ಒಂದೇ ಮನೆಯಿಂದ ಕನ್ನಡದ ಬೇರೆ ಬೇರೆ ಕ್ಷೇತ್ರಗಳಲ್ಲಿ ದುಡಿದುದರಿಂದ, ಗ್ರಂಥಾಲಯಗಳ ಸೂಚಿಗಳಲ್ಲಿ ಇವರ ಹೆಸರುಗಳು ಬೆರೆತುಹೋಗುವುದು ಅಪರೂಪವಲ್ಲ. ಮೂವರ ಕೃತಿಗಳನ್ನು ಉಲ್ಲೇಖಿಸುವಾಗ ಮೊದಲಕ್ಷರಗಳನ್ನು ಬಿಡದೆ ಬರೆಯಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಬಾಲ್ಯದಲ್ಲಿ ಮನೆಯ ಸುತ್ತಮುತ್ತ ಕೇಳಿದ ಕನ್ನಡವೇ ಇವರ ಮುಂದಿನ ಬದುಕಿನ ಅಡಿಪಾಯವಾಯಿತು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಬೆಂಗಳೂರಿಗೆ ಮರಳಿದರು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಗ್ಯಾರೆಟ್ ಅವರ ಮಗಳು ಮೇರಿ ಸೋಫಿಯಾ ಇವರ ಪತ್ನಿ.

ಶಿಕ್ಷಣ ಇಲಾಖೆಯಲ್ಲಿ

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1858ರಲ್ಲಿ ಆರಂಭವಾಗಿದ್ದ ಬೆಂಗಳೂರು ಹೈಸ್ಕೂಲಿಗೆ ರೈಸ್ ಅವರು 1860ರಲ್ಲಿ ಮುಖ್ಯಸ್ಥರಾಗಿ ನೇಮಕಗೊಂಡರು. ಇದೇ ಶಾಲೆ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರನ್ನು ಪಡೆಯಿತು. ಐದು ವರ್ಷಗಳ ಅನಂತರ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. 1868ರಿಂದ ಮೊದಲು ತಾತ್ಕಾಲಿಕವಾಗಿಯೂ ಆಮೇಲೆ ಕಾಯಂ ಆಗಿಯೂ ಸಾರ್ವಜನಿಕ ಶಿಕ್ಷಣದ ನಿರ್ದೇಶಕರ ಹೊಣೆಯನ್ನು ನಿರ್ವಹಿಸಿದರು.

ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ರೂಪಿಸಿದವರೂ ಇವರೇ. ಅಲ್ಲಿಯವರೆಗೆ ಸರ್ಕಾರಿ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಿಗೆ ಸೀಮಿತವಾಗಿದ್ದವು. ಹಳ್ಳಿಗಳಲ್ಲಿ ಕೂಲಿಮಠದ ಅಯ್ಯನವರ ಪಾಠವೇ ಗತಿಯಾಗಿತ್ತು. ಹೋಬಳಿ ಶಾಲೆಗಳಿಂದ ಕನ್ನಡದಲ್ಲಿ ಓದು, ಬರಹ, ಲೆಕ್ಕಗಳ ಪಾಠ ರೈತಾಪಿ ಕುಟುಂಬಗಳ ಹತ್ತಿರಕ್ಕೆ ಬಂದಿತು. ಶಾಸನಗಳ ಕೀರ್ತಿಯ ಮುಂದೆ ಈ ಕೆಲಸ ಮಂಕಾಗಿ ಕಾಣುತ್ತದೆಯಾದರೂ, ಅದು ಕಡಿಮೆ ಮಹತ್ವದ್ದೇನೂ ಅಲ್ಲ.

ಶಾಲೆಗಳ ತನಿಖೆಗಾಗಿ ಊರಿಂದೂರಿಗೆ ಸಂಚರಿಸುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಗಮನವನ್ನು ಸೆಳೆದವು. ಊರಿನವರಿಗೆ ಅವು ಪೂಜೆಯ ಕಲ್ಲುಗಳೋ ನಿಧಿಯ ಗುರುತುಗಳೋ ಆಗಿದ್ದವು. ಓದಬಲ್ಲವರು ವಿರಳ. ಹಳಗನ್ನಡದ ಲಿಪಿಯನ್ನೂ ಭಾಷೆಯನ್ನೂ ಪಂಡಿತರ ನೆರವಿನಿಂದ ರೈಸ್ ಅವರು ಅಭ್ಯಾಸ ಮಾಡಿದರು.

1881ರ ಮೈಸೂರು ಜನಗಣತಿಯ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂದಿತು. ಅವರ ಸೇವೆಗಾಗಿ ಬ್ರಿಟಿಷ್ ಸರ್ಕಾರ ಸಿ.ಐ.ಇ. ಬಿರುದನ್ನು ನೀಡಿತು.

ಗೆಜೆಟಿಯರ್ ಮತ್ತು ಮೊದಲ ಶಾಸನ ಗ್ರಂಥ

ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಸಿದ್ಧಪಡಿಸುವ ಕಾರ್ಯವನ್ನು ಸರ್ಕಾರ ಇವರಿಗೆ ವಹಿಸಿತು. ಮೈಸೂರಿಗೆ ಸಂಬಂಧಿಸಿದ 2 ಸಂಪುಟಗಳೂ ಕೊಡಗಿನ 1 ಸಂಪುಟವೂ 1877–78ರಲ್ಲಿ ಹೊರಬಂದವು. ಮೈಸೂರು ಭಾಗದ ಪರಿಷ್ಕೃತ ಆವೃತ್ತಿ 1897ರಲ್ಲಿ ಪ್ರಕಟವಾಯಿತು. ಈ ಎರಡು ಆವೃತ್ತಿಗಳ ನಡುವೆ 20 ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನೂರಾರು ಹೊಸ ಶಾಸನಗಳು ಬೆಳಕಿಗೆ ಬಂದುದರಿಂದ, ಇತಿಹಾಸದ ಅಧ್ಯಾಯಗಳು ಸಾಕಷ್ಟು ಬದಲಾಗಿವೆ. ರೈಸರ ಗೆಜೆಟಿಯರ್ ಎಂದಷ್ಟೇ ಬರೆದು ಆವೃತ್ತಿಯ ವರ್ಷವನ್ನು ಬಿಟ್ಟರೆ, ಓದುಗನು ಯಾವ ಪುಸ್ತಕವನ್ನು ತೆರೆಯಬೇಕೆಂದು ತಿಳಿಯದೆ ತೊಳಲುತ್ತಾನೆ.

ಶಾಸನಗಳ ಮೊದಲ ಸಂಕಲನಕ್ಕೆ ಕಾರಣವಾದುದು ಛಾಯಾಚಿತ್ರಗಳು. ಕಮಿಷನರ್ ಬೌರಿಂಗ್ ಅವರ ಅಪೇಕ್ಷೆಯ ಮೇರೆಗೆ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ 1865ರ ಸುಮಾರಿಗೆ 150ರಷ್ಟು ಶಾಸನಗಳ ಚಿತ್ರಗಳನ್ನು ತೆಗೆದಿದ್ದರು. ಇವುಗಳ ಅನುವಾದವನ್ನು ಆಧರಿಸಿ ರೈಸ್ ಅವರು 1879ರಲ್ಲಿ ಮೈಸೂರು ಇನ್‌ಸ್ಕ್ರಿಪ್ಷನ್ಸ್ ಎಂಬ ಗ್ರಂಥವನ್ನು ಪ್ರಕಟಿಸಿದರು. ಚಿತ್ರವನ್ನು ನೋಡಿ ಓದುವುದಕ್ಕೂ ಕಲ್ಲನ್ನೇ ಮುಟ್ಟಿ ಓದುವುದಕ್ಕೂ ಇರುವ ವ್ಯತ್ಯಾಸ ಈ ಕೆಲಸದಲ್ಲಿ ಅವರಿಗೆ ಮನದಟ್ಟಾಗಿರಬೇಕು. ಮುಂದಿನ ಸಂಪುಟಗಳಿಗಾಗಿ ಸಿಬ್ಬಂದಿ ಊರೂರಿಗೆ ಹೋಗಿ ಪಡಿಯಚ್ಚು ತೆಗೆಯುವ ಕ್ರಮ ಬಂದಿತು.

ಎಪಿಗ್ರಾಫಿಯ ಕರ್ನಾಟಿಕ

ಮೈಸೂರು ಸಂಸ್ಥಾನದ ಪ್ರಾಚ್ಯಶೋಧ ಇಲಾಖೆ 1885ರ ಸುಮಾರಿಗೆ ಆರಂಭವಾದಾಗ ರೈಸ್ ಅವರೇ ಅದರ ಮೊದಲ ನಿರ್ದೇಶಕರಾದರು. ಮೊದಮೊದಲು ಇತರ ಕೆಲಸಗಳ ಜೊತೆಗೆ ಇದನ್ನು ನೋಡಿಕೊಳ್ಳುತ್ತಿದ್ದರು. 1890ರಿಂದ ಪೂರ್ಣಾವಧಿಯ ನಿರ್ದೇಶಕರಾಗಿ 1906ರಲ್ಲಿ ನಿವೃತ್ತರಾಗುವವರೆಗೆ ಇದರಲ್ಲಿಯೇ ತೊಡಗಿದ್ದರು.

ಮೊದಲ ಸಂಪುಟ ಕೊಡಗಿನ ಶಾಸನಗಳದು (1886). ಎರಡನೆಯದು ಶ್ರವಣಬೆಳಗೊಳದ್ದು (1889). ಆಮೇಲೆ ಜಿಲ್ಲಾವಾರು ಸಂಪುಟಗಳು ಬಂದವು. 3 ಮತ್ತು 4ನೆಯವು ಮೈಸೂರು ಜಿಲ್ಲೆಗೆ, 5ನೆಯದು ಹಾಸನಕ್ಕೆ, 6ನೆಯದು ಕಡೂರು ಅಥವಾ ಈಗಿನ ಚಿಕ್ಕಮಗಳೂರು ಜಿಲ್ಲೆಗೆ, 7 ಮತ್ತು 8ನೆಯವು ಶಿವಮೊಗ್ಗಕ್ಕೆ, 9ನೆಯದು ಬೆಂಗಳೂರಿಗೆ, 10ನೆಯದು ಕೋಲಾರಕ್ಕೆ, 11ನೆಯದು ಚಿತ್ರದುರ್ಗಕ್ಕೆ, 12ನೆಯದು ತುಮಕೂರಿಗೆ ಸೇರಿವೆ. ಸಂಪುಟದ ಸಂಖ್ಯೆಗೂ ಪ್ರಕಟಣೆಯ ವರ್ಷಕ್ಕೂ ಹೊಂದಾಣಿಕೆ ಇಲ್ಲ ಎಂಬುದನ್ನು ಗಮನಿಸಬೇಕು: 12ನೆಯ ಸಂಪುಟ 1904ರಲ್ಲಿ ಹೊರಬಂದರೆ, 9 ಮತ್ತು 10ನೆಯ ಸಂಪುಟಗಳು 1905ರವು. ಅಂದಿನ ಮೈಸೂರು ಜಿಲ್ಲೆಯಲ್ಲಿಯೇ ಇಂದಿನ ಮಂಡ್ಯ ಜಿಲ್ಲೆಯೂ ಅಡಗಿತ್ತು. ಆದ್ದರಿಂದ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣಗಳ ಶಾಸನಗಳನ್ನು 3ನೆಯ ಸಂಪುಟದಲ್ಲಿಯೂ ನಾಗಮಂಗಲದವನ್ನು 4ನೆಯದರಲ್ಲಿಯೂ ಹುಡುಕಬೇಕು.

ಪ್ರತಿ ಸಂಪುಟದಲ್ಲಿ ದೀರ್ಘವಾದ ಇಂಗ್ಲಿಷ್ ಪ್ರಸ್ತಾವನೆ, ಶಾಸನಗಳ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯಲ್ಲಿ ಮೂಲಪಾಠ ಹಾಗೂ ಕನ್ನಡ ಲಿಪಿಯಲ್ಲಿ ಮೂಲಪಾಠ ಎಂಬ ಭಾಗಗಳಿವೆ. ಜೊತೆಗೆ ಎಲ್ಲ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಪಟ್ಟಿಯೊಂದಿದೆ. ಮೂಲಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟದ್ದು ಬಹು ದೊಡ್ಡ ಉಪಕಾರ. ಇಂಗ್ಲಿಷ್ ಬಾರದ ಕನ್ನಡ ಪಂಡಿತನೂ ತನ್ನ ನಾಡಿನ ಶಾಸನವನ್ನು ಓದಿ, ನಿರ್ದೇಶಕರ ಅನುವಾದ ತಪ್ಪೆಂದು ಹೇಳಬಲ್ಲವನಾದನು. ಹಾಗೆ ಹೇಳಿದವರೂ ಇದ್ದಾರೆ.

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಮೌರ್ಯ ಅಶೋಕನ ಶಾಸನಗಳನ್ನು ರೈಸ್ ಅವರು ಪತ್ತೆಮಾಡಿದರು. ಅಶೋಕನ ಆಡಳಿತವು ಇಷ್ಟು ದಕ್ಷಿಣಕ್ಕೆ ಹಬ್ಬಿತ್ತೆಂಬುದು ವಿದ್ವತ್ ಪ್ರಪಂಚಕ್ಕೆ ಹೊಸ ಸಂಗತಿಯಾಗಿತ್ತು.

ಶಾಸನಗಳನ್ನು ಗುರುತಿಸುವ ಪದ್ಧತಿ

ರೈಸ್ ಅವರು ಶಾಸನಗಳನ್ನು ಕಾಲದ ಪ್ರಕಾರ ಸಂಖ್ಯೆ ಕೊಟ್ಟು ಜೋಡಿಸಲಿಲ್ಲ. ಜಿಲ್ಲೆಗೊಂದು ಸಂಪುಟ, ಸಂಪುಟದೊಳಗೆ ತಾಲ್ಲೂಕುವಾರು ವಿಭಾಗ, ತಾಲ್ಲೂಕಿನೊಳಗೆ 1ರಿಂದ ಆರಂಭವಾಗುವ ಕ್ರಮಸಂಖ್ಯೆ ಎಂಬುದು ಅವರ ಕ್ರಮ. ತಾಲ್ಲೂಕಿನ ಹೆಸರಿಗೆ ಇಂಗ್ಲಿಷಿನ ಎರಡಕ್ಷರದ ಸಂಕೇತವನ್ನು ಬಳಸಿದರು. ಪ್ರತಿ ಶಾಸನದ ತಲೆಯಲ್ಲಿ ಊರಿನ ಹೆಸರು, ಬಹುಮಟ್ಟಿಗೆ ಆವರಣದಲ್ಲಿ ಹೋಬಳಿಯ ಹೆಸರು, ಕಲ್ಲು ಊರಿನಲ್ಲಿ ಎಲ್ಲಿದೆಯೆಂಬ ವಿವರ, ಅದರ ಕಾಲ ಇಷ್ಟನ್ನು ನಮೂದಿಸಿದರು. ಶಾಸನದಲ್ಲಿಯೇ ತೇದಿ ಇಲ್ಲದೆ ಅಕ್ಷರದ ರೂಪವನ್ನು ನೋಡಿ ಕಾಲವನ್ನು ಊಹಿಸಿದ್ದರೆ, ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು. ಈ ಚಿಕ್ಕ ಚಿಹ್ನೆಯನ್ನು ಅನೇಕ ಲೇಖಕರು ನಕಲು ಮಾಡುವಾಗ ಬಿಟ್ಟುಬಿಟ್ಟಿದ್ದಾರೆ. ಊಹೆಯು ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ನಿಶ್ಚಯವಾಗಿ ಮಾರ್ಪಟ್ಟಿರುವ ಉದಾಹರಣೆಗಳು ಉಂಟು.

ಕಾಲಾನುಕ್ರಮಕ್ಕಿಂತ ಸ್ಥಳಾನುಕ್ರಮವನ್ನು ಆರಿಸಿಕೊಂಡುದು ವಿವೇಕದ ಕೆಲಸ. ಶಾಸನದ ಕಾಲವನ್ನು ಮುಂದಿನ ಸಂಶೋಧಕನು ತಿದ್ದಬಹುದು. ಆದರೆ ಕಲ್ಲು ನಿಂತ ಊರು ಬದಲಾಗದು. ಕಾಲದ ಆಧಾರದ ಮೇಲೆ ಸಂಖ್ಯೆ ಕೊಟ್ಟಿದ್ದರೆ ಪ್ರತಿ ತಿದ್ದುಪಡಿಗೂ ಇಡೀ ಪಟ್ಟಿಯೇ ಕದಲುತ್ತಿತ್ತು.

ಉದಾಹರಣೆಗೆ, ಕದಂಬರ ಚರಿತ್ರೆಗೆ ಮುಖ್ಯ ಆಕರವಾದ ತಾಳಗುಂದದ ಸ್ತಂಭಶಾಸನವನ್ನು ಎಪಿಗ್ರಾಫಿಯ ಕರ್ನಾಟಿಕ ಸಂಪುಟ 7, ಶಿಕಾರಿಪುರ 176 ಎಂದು ಸೂಚಿಸುತ್ತಾರೆ. ಬೆಂಗಳೂರಿನ ಬೇಗೂರಿನ ಪ್ರಸಿದ್ಧ ವೀರಗಲ್ಲು ಸಂಪುಟ 9, ಬೆಂಗಳೂರು 83. ಕನ್ನಡದ ಲೇಖನಗಳಲ್ಲಿ ಸಂಪುಟಮಾಲೆಯ ಹೆಸರನ್ನು ಎ.ಕ. ಎಂದು ಸಂಕ್ಷೇಪಿಸುವುದು ವಾಡಿಕೆ. ಇಲ್ಲಿ ಪುಟಸಂಖ್ಯೆಗಿಂತ ಶಾಸನದ ಸಂಖ್ಯೆಯೇ ಮುಖ್ಯ. ಒಂದೇ ಸಂಪುಟದಲ್ಲಿ ಅನುವಾದಕ್ಕೂ ಮೂಲಪಾಠಕ್ಕೂ ಬೇರೆ ಬೇರೆ ಪುಟಗಳಿರುವುದರಿಂದ, ಪುಟವನ್ನು ಮಾತ್ರ ಬರೆದರೆ ಯಾವ ಭಾಗದ ಪುಟವೆಂಬ ಸಂದೇಹ ಉಳಿಯುತ್ತದೆ. ಶಾಸನದ ಸಂಖ್ಯೆಯಾದರೋ ಎಲ್ಲ ಭಾಗಗಳಲ್ಲಿಯೂ ಒಂದೇ. ಶಾಸನದ ಒಂದು ಪದದ ಮೇಲೆ ವಾದವನ್ನು ಕಟ್ಟುವಾಗ ಸಂಖ್ಯೆಯ ಜೊತೆಗೆ ಮೂಲಪಾಠದ ಸಾಲನ್ನೂ ಕೊಡುವುದು ವಿದ್ವತ್ ಪತ್ರಿಕೆಗಳ ಕ್ರಮ.

ರೈಸರ ಇಂಗ್ಲಿಷ್ ಸಂಕೇತಗಳನ್ನು ಕನ್ನಡಕ್ಕೆ ತರುವಾಗ ತೊಡಕೊಂದು ಎದುರಾಗುತ್ತದೆ. ಚಿಕ್ಕಮಗಳೂರು, ಚಿಕ್ಕನಾಯಕನಹಳ್ಳಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಚಿತ್ರದುರ್ಗ ಈ ಐದೂ ಚಿ ಅಕ್ಷರದಿಂದಲೇ ಆರಂಭವಾಗುತ್ತವೆ. ಚನ್ನರಾಯಪಟ್ಟಣ ಮತ್ತು ಚನ್ನಪಟ್ಟಣಗಳ ಪಾಡೂ ಅಂತಹುದೇ. ಇಂಗ್ಲಿಷಿನಲ್ಲಿ ಎರಡನೆಯ ಅಕ್ಷರವನ್ನು ಬೇರೆ ಮಾಡಿ ರೈಸ್ ಅವರು ಈ ಗೊಂದಲವನ್ನು ತಪ್ಪಿಸಿದ್ದರು. ಕನ್ನಡದಲ್ಲಿ ಮೊದಲಕ್ಷರವನ್ನಷ್ಟೇ ಬರೆಯುವವರು ಆ ಎಚ್ಚರಿಕೆಯನ್ನು ಕಳೆದುಕೊಂಡು ಓದುಗನನ್ನು ಬೇರೆ ಜಿಲ್ಲೆಗೇ ಅಟ್ಟುತ್ತಾರೆ. ತಾಲ್ಲೂಕಿನ ಹೆಸರನ್ನು ಪೂರ್ತಿಯಾಗಿ ಬರೆಯುವುದೇ ಕನ್ನಡಕ್ಕೆ ಸುರಕ್ಷಿತವಾದ ಮಾರ್ಗ.

ತುಮಕೂರು ಜಿಲ್ಲೆಯ ಸಂಪುಟ

12ನೆಯ ಸಂಪುಟದಲ್ಲಿ ತುಮಕೂರು, ಕುಣಿಗಲ್, ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ, ಶಿರಾ, ಪಾವಗಡ, ಮಧುಗಿರಿ ಎಂಬ 8 ತಾಲ್ಲೂಕುಗಳಿವೆ. ಕೊರಟಗೆರೆ ಮತ್ತು ತುರುವೇಕೆರೆಗಳ ಹೆಸರು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಆಗ ಕೊರಟಗೆರೆಯು ಮಧುಗಿರಿಗೂ ತುರುವೇಕೆರೆಯು ತಿಪಟೂರಿಗೂ ಸೇರಿದ ಉಪತಾಲ್ಲೂಕುಗಳಾಗಿದ್ದವು. ಆದುದರಿಂದ ತುರುವೇಕೆರೆಯ ಹೊಯ್ಸಳ ದೇವಾಲಯಗಳ ಮೇಲೆ ಬರೆಯುವ ವಿದ್ಯಾರ್ಥಿಯು ಶಾಸನವನ್ನು ತಿಪಟೂರಿನ ಅಡಿಯಲ್ಲಿ ಹುಡುಕಬೇಕು, ಉಲ್ಲೇಖದಲ್ಲಿಯೂ ತಿಪಟೂರು ಎಂದೇ ಬರೆಯಬೇಕು. ಇಂದಿನ ತಾಲ್ಲೂಕಿನ ಹೆಸರನ್ನು ಸೇರಿಸಿ ಸಂಖ್ಯೆಯನ್ನು ತಿದ್ದಿದರೆ, ಅಂತಹ ಶಾಸನವೇ ಇಲ್ಲದಂತಾಗುತ್ತದೆ. ಊರ್ಡಿಗೆರೆ, ಗೂಳೂರು, ಹೆಬ್ಬೂರು, ಬೆಳ್ಳಾವಿ, ಕೋರ ಮೊದಲಾದ ಹೋಬಳಿಗಳುಳ್ಳ ತುಮಕೂರು ತಾಲ್ಲೂಕಿನವರು ತಮ್ಮ ಊರಿನ ಕಲ್ಲನ್ನು ಹುಡುಕಬೇಕಾದುದು ಈ ಸಂಪುಟದ ತುಮಕೂರು ವಿಭಾಗದಲ್ಲಿ. ಊರುಗಳ ಹೆಸರನ್ನು ರೈಸರ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿ ಅಚ್ಚುಮಾಡಿರುವುದರಿಂದ, ಹುಡುಕುವವನಿಗೆ ಸ್ವಲ್ಪ ತಾಳ್ಮೆ ಬೇಕು; ಕನ್ನಡ ಲಿಪಿಯ ಭಾಗದಿಂದ ಆರಂಭಿಸುವುದು ಸುಲಭ.

ತುಮಕೂರು–ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಸಮೀಪದ ಕೈದಾಳದ ಶಾಸನ ಈ ಸಂಪುಟದ ತುಮಕೂರು 9. ಹೊಯ್ಸಳ ಒಂದನೆಯ ನರಸಿಂಹನ ಕಾಲದ, ಸುಮಾರು 1151ರ ಈ ಶಾಸನವು ಬಾಚಿ ಎಂಬ ಸಾಮಂತನು ಶೈವ, ವೈಷ್ಣವ, ಜೈನ ಮುಂತಾದ ಸಮಯಗಳನ್ನು ಸಮಾನವಾಗಿ ಪೋಷಿಸಿದ್ದನ್ನು ತಿಳಿಸುತ್ತದೆ. ಜಕಣಾಚಾರಿಯು ಕಳೆದುಕೊಂಡ ಕೈಯನ್ನು ಇಲ್ಲಿ ಮರಳಿ ಪಡೆದುದರಿಂದ ಊರಿಗೆ ಕೈದಾಳವೆಂಬ ಹೆಸರು ಬಂದಿತೆಂಬ ಕಥೆಯನ್ನು ಜಿಲ್ಲೆಯ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಶಾಸನದಲ್ಲಿ ಆ ಶಿಲ್ಪಿಯ ಪ್ರಸ್ತಾಪವಿಲ್ಲ. ಕಥೆಗೆ ಆಧಾರವಾಗಿ ತುಮಕೂರು 9 ಎಂದು ಬರೆದಿರುವ ಲೇಖನವನ್ನು ಕಂಡರೆ, ಬರೆದವರು ಸಂಪುಟವನ್ನು ತೆರೆದಿಲ್ಲವೆಂದೇ ತಿಳಿಯಬೇಕು. ಜನಪದ ಕಥೆಗೂ ಅದರದೇ ಆದ ಬೆಲೆಯಿದೆ. ಅದನ್ನು ಸ್ಥಳೀಯ ಐತಿಹ್ಯವೆಂದು ಹೆಸರಿಸಿ ಬರೆದರೆ ಯಾರ ಆಕ್ಷೇಪವೂ ಇರದು.

ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಪಟಗಳು ಇನ್ನೊಂದು ರೀತಿಯ ನಿದರ್ಶನ. ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ ಈ ದಾನಪತ್ರವು ಯಾಪನೀಯ ಸಂಘದ ಅರ್ಕಕೀರ್ತಿ ಎಂಬ ಜೈನಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ಕೊಟ್ಟುದನ್ನು ಹೇಳುತ್ತದೆ. ಇದನ್ನು ರೈಸ್ ಅವರು ಮೊದಲು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯ 12ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಮೇಲೆ ಜರ್ಮನ್ ವಿದ್ವಾಂಸ ಲ್ಯೂಡರ್ಸ್ ಅವರು ಎಪಿಗ್ರಾಫಿಯ ಇಂಡಿಕ 4ನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅದು ಸಂಪುಟ 12, ಗುಬ್ಬಿ 61. ಒಂದೇ ತಾಮ್ರಪಟಕ್ಕೆ ಹೀಗೆ ಮೂರು ವಿಳಾಸಗಳಿದ್ದು, ಅವುಗಳಲ್ಲಿ ಎರಡಕ್ಕೆ 12 ಎಂಬ ಅಂಕಿಯೇ ಇದೆ. ಮಾಲೆಯ ಹೆಸರನ್ನು ಬಿಟ್ಟು ಸಂಪುಟ 12 ಎಂದಷ್ಟೇ ಬರೆದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಬೇರೆ ಬೇರೆ ಲೇಖಕರು ಬೇರೆ ಬೇರೆ ಆಕರಗಳನ್ನು ಕೊಟ್ಟಿರುವುದನ್ನು ಕಂಡು ಮೂರು ದಾನಪತ್ರಗಳಿದ್ದವೆಂದು ಭಾವಿಸುವ ಅಪಾಯವೂ ಇದೆ.

ಇದೇ ಶಾಸನದ ತೇದಿ ಶಕ 735. ಶಕವರ್ಷಕ್ಕೆ 78ನ್ನು ಕೂಡಿಸಿದರೆ 813 ಬರುತ್ತದೆ. ಶಕವರ್ಷವನ್ನು ಕಳೆದ ವರ್ಷವೆನ್ನದೆ ನಡೆಯುತ್ತಿರುವ ವರ್ಷವೆಂದು ತೆಗೆದುಕೊಂಡರೆ 812 ಆಗುತ್ತದೆ. ವಿದ್ವಾಂಸರ ಬರಹಗಳಲ್ಲಿ ಈ ಎರಡು ವರ್ಷಗಳೂ ಕಾಣಸಿಗುವುದಕ್ಕೆ ಇದೇ ಕಾರಣ. ಶಾಸನದಲ್ಲಿರುವ ಶಕವರ್ಷವನ್ನು ಮೊದಲು ಕೊಟ್ಟು, ಕ್ರಿಸ್ತಶಕದ ವರ್ಷವನ್ನು ಅದರ ಪಕ್ಕದಲ್ಲಿ ಬರೆಯುವ ರೂಢಿಯು ಇಂತಹ ಕಡೆ ಸಹಾಯಕ.

ವಿವಾದ ಮತ್ತು ವಿಮರ್ಶೆ

ರೈಸ್ ಅವರ ಕೆಲಸ ವಿವಾದಕ್ಕೆ ಹೊರತಾಗಿರಲಿಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯೂ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸಕಾರರೂ ಆಗಿದ್ದ ಜೆ. ಎಫ್. ಫ್ಲೀಟ್ ಅವರು ಇವರ ಪ್ರಬಲ ವಿಮರ್ಶಕರು. ತಲಕಾಡಿನ ಗಂಗರ ಆರಂಭಕಾಲದ ತಾಮ್ರಶಾಸನಗಳನ್ನು ನಂಬಿ ರೈಸ್ ಅವರು ಆ ವಂಶದ ಪ್ರಾಚೀನ ಚರಿತ್ರೆಯನ್ನು ಕಟ್ಟಿದರು. ಅವುಗಳಲ್ಲಿ ಬಹುಪಾಲು ನಂತರದ ಕಾಲದ ಕೂಟಸೃಷ್ಟಿಗಳೆಂದು ಫ್ಲೀಟ್ ವಾದಿಸಿದರು. ಲಿಪಿಯ ರೂಪ, ತಿಥಿ–ವಾರಗಳ ಹೊಂದಾಣಿಕೆ, ವಂಶಾವಳಿಯ ಸಂಗತಿಗಳು ಇವು ಅವರ ವಾದದ ಆಯುಧಗಳು. ಹಲವು ವರ್ಷಗಳ ಕಾಲ ವಿದ್ವತ್ ಪತ್ರಿಕೆಗಳಲ್ಲಿ ಈ ಚರ್ಚೆ ನಡೆಯಿತು. ಮುಂದಿನ ವಿದ್ವಾಂಸರು ಫ್ಲೀಟರ ಎಚ್ಚರಿಕೆಯನ್ನು ಮನ್ನಿಸಿದರೂ ಅವರ ತೀರ್ಪನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಕೆಲವು ಪಟಗಳು ಖೋಟಾ, ಕೆಲವು ನೈಜ ಎಂಬ ನಡುದಾರಿಯೇ ಉಳಿದುಕೊಂಡಿತು.

ಓದಿನಲ್ಲಿ ಅವಸರ, ಅನುವಾದದಲ್ಲಿ ಸಡಿಲತೆ, ಹೆಚ್ಚಿನ ಶಾಸನಗಳಿಗೆ ಪಡಿಯಚ್ಚಿನ ಚಿತ್ರವನ್ನು ಕೊಡದಿರುವುದು ಇವು ಸಂಪುಟಗಳ ಮೇಲಿನ ಸಾಮಾನ್ಯ ಆಕ್ಷೇಪಗಳು. ಒಬ್ಬ ನಿರ್ದೇಶಕನ ಸಣ್ಣ ಇಲಾಖೆಯೊಂದು ಸುಮಾರು 20 ವರ್ಷಗಳಲ್ಲಿ 9,000 ಶಾಸನಗಳನ್ನು ಅಚ್ಚಿಗೆ ತಂದಾಗ ತಪ್ಪುಗಳು ನುಸುಳುವುದು ಅನಿವಾರ್ಯ. ಎಲ್ಲವನ್ನೂ ತಿದ್ದಿ ತೀಡಿದ ಮೇಲೆ ಪ್ರಕಟಿಸೋಣವೆಂದು ಕುಳಿತಿದ್ದರೆ, ಅಷ್ಟರಲ್ಲಿ ಎಷ್ಟೋ ಕಲ್ಲುಗಳು ಚಪ್ಪಡಿಯಾಗಿ, ಮೆಟ್ಟಿಲಾಗಿ, ತೂಬಿನ ಕಲ್ಲಾಗಿ ಮಾಯವಾಗುತ್ತಿದ್ದವು. ರೈಸ್ ಅವರು ಕಂಡ ಕೆಲವು ಕಲ್ಲುಗಳು ಇಂದು ಅವರು ಹೇಳಿದ ಸ್ಥಳದಲ್ಲಿಲ್ಲ. ಅಂತಹ ಶಾಸನಗಳಿಗೆ ಅವರ ಮುದ್ರಿತ ಪಾಠವೇ ಏಕೈಕ ಸಾಕ್ಷಿ.

ಊರೂರಿಗೆ ಹೋಗಿ ಪಡಿಯಚ್ಚು ತೆಗೆದ, ಲಿಪಿಯನ್ನು ಓದಿದ, ಪದಗಳ ಅರ್ಥವನ್ನು ಬಿಡಿಸಿಕೊಟ್ಟ ಕನ್ನಡ ಮತ್ತು ಸಂಸ್ಕೃತ ಪಂಡಿತರ ಹೆಸರು ಸಂಪುಟಗಳ ಮುಖಪುಟದಲ್ಲಿಲ್ಲ. ಅಲ್ಲಿರುವುದು ರೈಸ್ ಅವರ ಹೆಸರೊಂದೇ. ಅಂದಿನ ಸರ್ಕಾರಿ ಪ್ರಕಟಣೆಗಳ ರೀತಿಯೇ ಹಾಗಿತ್ತಾದರೂ, ಇದೊಂದು ಕೊರತೆಯೇ ಸರಿ. ಆ ಸಿಬ್ಬಂದಿಯಲ್ಲಿ ಒಬ್ಬರಾಗಿ 1899ರಲ್ಲಿ ಸೇರಿದ ಆರ್. ನರಸಿಂಹಾಚಾರ್ ಅವರು ಮುಂದೆ ರೈಸ್ ಅವರ ಉತ್ತರಾಧಿಕಾರಿಯಾದರು. ಕರ್ಣಾಟಕ ಕವಿಚರಿತೆಯ ಕರ್ತೃವಾಗಿ ಕನ್ನಡಿಗರಿಗೆಲ್ಲ ಪರಿಚಿತರಾದರು.

ಹಳಗನ್ನಡ ಗ್ರಂಥಗಳ ಪ್ರಕಟಣೆ

ಬಿಬ್ಲಿಯೋಥಿಕ ಕರ್ನಾಟಿಕ ಎಂಬ ಮಾಲೆಯಲ್ಲಿ ರೈಸ್ ಅವರು ಹಳಗನ್ನಡದ ಪ್ರಮುಖ ಕೃತಿಗಳನ್ನು ಅಚ್ಚಿಗೆ ತಂದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ (1884), ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ (1890), ನಾಗಚಂದ್ರನ ಪಂಪರಾಮಾಯಣ ಹಾಗೂ ಪಂಪನ ವಿಕ್ರಮಾರ್ಜುನ ವಿಜಯ (1898) ಇವುಗಳಲ್ಲಿ ಮುಖ್ಯವಾದವು. ಕೆ. ಬಿ. ಪಾಠಕ್ ಅವರು ಸಂಪಾದಿಸಿದ ಕವಿರಾಜಮಾರ್ಗವೂ 1898ರಲ್ಲಿ ಈ ಮಾಲೆಯಲ್ಲಿಯೇ ಪ್ರಕಟವಾಯಿತು. ಆದಿಕವಿ ಪಂಪನ ಮಹಾಕಾವ್ಯವನ್ನು ಓಲೆಗರಿಯಿಂದ ಅಚ್ಚಿನ ಪುಟಕ್ಕೆ ಮೊದಲು ತಂದ ಕೀರ್ತಿ ರೈಸ್ ಅವರದು. ದೊರೆತ ಹಸ್ತಪ್ರತಿಗಳು ಕಡಿಮೆಯಿದ್ದುದರಿಂದ ಆ ಮುದ್ರಣದಲ್ಲಿ ದೋಷಗಳಿದ್ದವು. ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಹೊರತಂದಿತು. ಪಾಠಾಂತರಗಳನ್ನು ಹೇಗೆ ಗುರುತಿಸಬೇಕು, ಹಸ್ತಪ್ರತಿಗಳನ್ನು ಹೇಗೆ ಸೂಚಿಸಬೇಕು ಎಂಬ ಶಾಸ್ತ್ರವು ಕನ್ನಡದಲ್ಲಿ ವ್ಯವಸ್ಥಿತ ಗ್ರಂಥವಾಗಿ ಬಂದುದು 1964ರಲ್ಲಿ, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದ ಡಿ. ಎಲ್. ನರಸಿಂಹಾಚಾರ್ ಅವರ ಕನ್ನಡ ಗ್ರಂಥ ಸಂಪಾದನೆಯ ಮೂಲಕ.

ರೈಸ್ ಅವರು ಮೈಸೂರು ಮತ್ತು ಕೊಡಗಿನಲ್ಲಿದ್ದ ಸಂಸ್ಕೃತ ಹಸ್ತಪ್ರತಿಗಳ ಸೂಚಿಯೊಂದನ್ನೂ 1884ರಲ್ಲಿ ಪ್ರಕಟಿಸಿದ್ದರು.

ನಿವೃತ್ತಿ ಮತ್ತು ನಿಧನ

1906ರಲ್ಲಿ ನಿವೃತ್ತರಾದ ಮೇಲೆ ಇಂಗ್ಲೆಂಡಿಗೆ ತೆರಳಿ ಹ್ಯಾರೋದಲ್ಲಿ ನೆಲೆಸಿದರು. ಬರವಣಿಗೆಯನ್ನು ಮಾತ್ರ ಬಿಡಲಿಲ್ಲ. ಶಾಸನಗಳಿಂದ ತಿಳಿದುಬರುವ ಇತಿಹಾಸವನ್ನು ಒಂದೆಡೆ ಸಂಗ್ರಹಿಸಿದ ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್ ಎಂಬ ಗ್ರಂಥ 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕೊಡಗಿನ ಸಂಪುಟವನ್ನು ತಾವೇ ಪರಿಷ್ಕರಿಸಿ 1914ರಲ್ಲಿ ಹೊರತಂದರು. 1927ರ ಜುಲೈ 10ರಂದು, 90 ವರ್ಷ ತುಂಬಲು ಒಂದು ವಾರವಿರುವಾಗ, ಹ್ಯಾರೋದಲ್ಲಿ ನಿಧನರಾದರು.

ರೈಸ್ ಅವರ ತರುವಾಯ

ಆರ್. ನರಸಿಂಹಾಚಾರ್ ಅವರು 1923ರಲ್ಲಿ ಶ್ರವಣಬೆಳಗೊಳದ ಸಂಪುಟದ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿದರು. ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ ಇದರಲ್ಲಿ 500 ಶಾಸನಗಳಿವೆ. ಹೊಸ ಶಾಸನಗಳು ನಡುನಡುವೆ ಸೇರಿದುದರಿಂದ ಹಳೆಯ ಸಂಖ್ಯೆಗಳು ಬದಲಾದವು. 1923ಕ್ಕಿಂತ ಹಿಂದಿನ ಲೇಖನದಲ್ಲಿ ಶ್ರವಣಬೆಳಗೊಳದ ಶಾಸನಸಂಖ್ಯೆಯನ್ನು ಕಂಡವರು ಅದನ್ನು ಹಾಗೆಯೇ ಹೊಸ ಸಂಪುಟದಲ್ಲಿ ಹುಡುಕಿದರೆ ಬೇರೊಂದು ಶಾಸನ ಎದುರಾಗುತ್ತದೆ.

ಶಾಮಾಶಾಸ್ತ್ರಿ, ಎಂ. ಎಚ್. ಕೃಷ್ಣ ಮೊದಲಾದ ನಿರ್ದೇಶಕರ ಕಾಲದಲ್ಲಿ ದೊರೆತ ಹೊಸ ಶಾಸನಗಳು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟವಾದವು. ಇವುಗಳನ್ನು ವರದಿಯ ವರ್ಷದಿಂದ ಗುರುತಿಸುತ್ತಾರೆ. ಹಲ್ಮಿಡಿ ಶಾಸನವು ರೈಸ್ ಅವರ ಯಾವ ಸಂಪುಟದಲ್ಲಿಯೂ ಇಲ್ಲ. ಅದಕ್ಕೆ ಮೊದಲ ಆಕರ 1936ರ ವಾರ್ಷಿಕ ವರದಿ. ಮೂಲ 12 ಸಂಪುಟಗಳಿಗೆ ಮುಂದುವರಿಕೆಯಾಗಿ ಸೂಚಿಯ ಸಂಪುಟವೊಂದೂ ಕೆಲವು ಜಿಲ್ಲೆಗಳ ಪೂರಕ ಸಂಪುಟಗಳೂ ಬಂದವು. ಅವುಗಳಲ್ಲಿ 16ನೆಯದು ತುಮಕೂರು ಜಿಲ್ಲೆಯ ಪೂರಕ ಶಾಸನಗಳದು. ತುಮಕೂರು ಜಿಲ್ಲೆಯನ್ನು ಕುರಿತು ಬರೆಯುವವರು 12ನೆಯ ಸಂಪುಟವನ್ನು ನೋಡಿ ನಿಲ್ಲದೆ ಇದನ್ನೂ ನೋಡಬೇಕಾಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಪ್ರಕಟಿಸತೊಡಗಿತು. ಪಾಠಗಳನ್ನು ಕಲ್ಲಿನೊಂದಿಗೆ ಮತ್ತೆ ಹೋಲಿಸಿ, ರೈಸ್ ಅವರ ಅನಂತರ ದೊರೆತ ಶಾಸನಗಳನ್ನು ಸೇರಿಸಿ, ಕನ್ನಡದಲ್ಲಿ ಸಾರಾಂಶಗಳನ್ನೂ ಕೊಟ್ಟ ಈ ಸಂಪುಟಗಳು ಬಹು ಉಪಯುಕ್ತ. ಆದರೆ ಇಲ್ಲಿ ಸಂಪುಟಗಳ ವಿಂಗಡಣೆಯೇ ಬೇರೆ. ಹಳೆಯ ಮಾಲೆಯ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಹೊಸ ಮಾಲೆಯ 9ನೆಯ ಸಂಪುಟ ಬೇಲೂರು ತಾಲ್ಲೂಕಿನದು. ಬೇಲೂರಿನ ಶಾಸನಗಳು ಹಳೆಯ ಮಾಲೆಯಲ್ಲಿ ಇರುವುದು 5ನೆಯ ಸಂಪುಟದಲ್ಲಿ. ಈ ಕಾರಣದಿಂದ ಸಂಪುಟದ ಸಂಖ್ಯೆಯ ಮುಂದೆ ಹಳೆಯದು, ಪರಿಷ್ಕೃತ ಎಂದೋ ಪ್ರಕಟಣೆಯ ವರ್ಷವನ್ನೋ ಬರೆಯುವುದು ಈಗ ಕಡ್ಡಾಯವೆನ್ನುವಷ್ಟು ಅಗತ್ಯ. ಪರಿಷ್ಕೃತ ಸಂಪುಟಗಳು ರೈಸ್ ಅವರ ಹಳೆಯ ಸಂಖ್ಯೆಗಳನ್ನೂ ಸೂಚಿಸುವುದರಿಂದ ಎರಡನ್ನೂ ತಾಳೆನೋಡುವುದು ಸಾಧ್ಯವಾಗಿದೆ.

ರೈಸ್ ಅವರ 12 ಸಂಪುಟಗಳು ಇಂದು ಅಂತರಜಾಲದಲ್ಲಿ ಉಚಿತವಾಗಿ ಓದಲು ದೊರೆಯುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ, ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕೀಕರಿಸುವ ಯೋಜನೆಯೂ 9ನೆಯ ಸಂಪುಟದಲ್ಲಿ ಕೊಟ್ಟ ಊರು ಮತ್ತು ಸ್ಥಳದ ವಿವರಗಳನ್ನು ಹಿಡಿದು ಕಲ್ಲುಗಳನ್ನು ಮತ್ತೆ ಹುಡುಕುತ್ತಿದೆ.